ಟ್ರೇಲರ್ ಎಳೆಯೋದು ಯಾರು? ಮೊದಲು ಅದನ್ನ ತೀರ್ಮಾನ ಮಾಡಿ

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನ ರೈತ. 20 ವರ್ಷದಿಂದ ಕಬ್ಬಿನ ಟ್ರ್ಯಾಕ್ಟರ್-ಟ್ರಾಲಿ ಓಡಿಸುತ್ತಿದ್ದೇನೆ. ತಮ್ಮ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಮೇ ಕೊನೆಗೆ ನಾನು, ಹೆಂಡತಿ, ಅವ್ವ ಹೋಗುತ್ತಿದ್ದೇವೆ. ತಮ್ಮನ ಹತ್ತಿರ ಪಿಕಪ್ ಇದೆ. 24 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಗಾಲಿ ಮನೆ) ಬಾಡಿಗೆಗೆ ಹಿಡಿದು ಮೂರು ವಾರ ಗ್ರ್ಯಾಂಡ್ ಕ್ಯಾನಿಯನ್, ಝಯಾನ್, ಯೆಲ್ಲೊಸ್ಟೋನ್ ಸುತ್ತೋಣ ಅಂತಾನೆ. ಒಟ್ಟು ಐದು ಜನ. ಅವನೊಬ್ಬನಿಗೇ ಸುಸ್ತಾಗಬಾರದು, ನಾನೂ ಪಾಳಿ ಮೇಲೆ ಎಳೆಯಬಹುದಾ? ಅವ್ವನಿಗೆ 68 ವರ್ಷ, ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಸಂಡಾಸು, ಊಟ ಹೇಗೆ? ಮುಂದೆ ಜರ್ಮನಿಯಲ್ಲೂ ಹೀಗೇ ಸುತ್ತುವ ಆಸೆ ಇದೆ.

ಉತ್ತರ:

ನೀವು ಎಳೆಯಬೇಡಿ. ಇದನ್ನ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈ ಪಳಗಿದ ಕೈ ಅಂತ ನನಗೆ ಗೊತ್ತು, ಕಬ್ಬು ತುಂಬಿದ ಟ್ರಾಲಿಯನ್ನ ಕಾರ್ಖಾನೆ ಗೇಟಿನೊಳಗೆ ಹಿಂದಕ್ಕೆ ಹಾಕುವವನಿಗೆ ಟ್ರೇಲರ್ ತಿರುಗಿಸೋದನ್ನ ಯಾರೂ ಕಲಿಸಬೇಕಿಲ್ಲ. ಆದರೂ ಬೇಡ. ಯಾಕೆ ಅಂತ ಹೇಳುತ್ತೇನೆ.

ನಾನು 11 ವರ್ಷ ಕೊಲರಾಡೊದಲ್ಲಿ ಇಂಥ ಟ್ರೇಲರ್‌ಗಳ ರಿಪೇರಿ ಕೆಲಸ ಮಾಡಿದವನು. ಸ್ವಂತ ಟ್ರೇಲರ್ ಇತ್ತು, ರಜಾ ಸಿಕ್ಕಾಗೆಲ್ಲ ಹೆಂಡತಿ ಮಕ್ಕಳನ್ನ ಕರೆದುಕೊಂಡು ಹೋಗುತ್ತಿದ್ದೆ. ಈಗ ಕಲಬುರಗಿಯ ಕಪನೂರಿನಲ್ಲಿ ಟ್ರಾಲಿ ಕಟ್ಟುವ ವರ್ಕ್‌ಶಾಪ್ ಇಟ್ಟಿದ್ದೇನೆ. ಹಾಗಾಗಿ ಆ ಗಾಡಿಯೂ ಗೊತ್ತು, ಈ ಗಾಡಿಯೂ ಗೊತ್ತು.

ಲೈಸೆನ್ಸ್ ವಿಷಯ ಮೊದಲು. ನಿಮ್ಮ ಭಾಗದ ಆರ್‌ಟಿಒದಲ್ಲಿ ಫಾರಂ 4ಎ ತುಂಬಿ, 1,000 ರೂಪಾಯಿ ಕಟ್ಟಿದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡುತ್ತಾರೆ. ಒಂದು ವರ್ಷ ನಡೆಯುತ್ತದೆ. ಆ ಪುಸ್ತಕ ಕೈಗೆ ಬಂದ ಮೇಲೆ ಜನ ಫೋಟೊ ನೋಡಿ ಮಡಚಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಒಳಗಿನ ಹಾಳೆ ತೆಗೆದು ಸೀಲು ಎಲ್ಲಿ ಬಿದ್ದಿದೆ ನೋಡಿ. 1949ರ ಜಿನೀವಾ ಒಪ್ಪಂದದ ಪ್ರಕಾರ ಅದರಲ್ಲಿ ಎ ಇಂದ ಇ ತನಕ ಐದು ವರ್ಗ. ಕಾರು ಓಡಿಸುವವರಿಗೆ ಬಿ. ಬಿ ಇದ್ದರೆ ಕಾರಿನ ಹಿಂದೆ ಹಗುರ ಟ್ರೇಲರ್ ಮಾತ್ರ ಕಟ್ಟಬಹುದು, ಹಗುರ ಅಂದರೆ 750 ಕೆಜಿ ತನಕ. ಅದಕ್ಕಿಂತ ಜಾಸ್ತಿ ಇದ್ದರೆ ಇ ವರ್ಗ ಬೇಕು. ಮಲಗುವ, ಅಡುಗೆ ಮಾಡುವ ಟ್ರೇಲರ್ 750 ಕೆಜಿ ಒಳಗೆ ಸಿಗೋದು ಬಹಳ ಕಮ್ಮಿ. 24 ಅಡಿಯದು ಖಾಲಿ ಇದ್ದಾಗಲೇ ಎರಡು ಟನ್ ದಾಟಿರುತ್ತದೆ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ನಿಮ್ಮ ತಮ್ಮನಿಗೆ ಕೊಲರಾಡೊದ ಲೈಸೆನ್ಸ್ ಇರುತ್ತದೆ, ಅವನಿಗೆ ತೊಂದರೆ ಇಲ್ಲ. ಆದರೆ ಬಾಡಿಗೆ ಕರಾರಿನಲ್ಲಿ, ಇನ್ಶೂರೆನ್ಸ್‌ನಲ್ಲಿ ಯಾರ ಹೆಸರಿದೆಯೋ ಅವರೇ ಎಳೆಯಬೇಕು. "ಸ್ವಲ್ಪ ದೂರ ನಾನು ಹಿಡಿತೀನಿ" ಅಂತ ನೀವು ಕೂತು, ಆ ಸ್ವಲ್ಪ ದೂರದಲ್ಲೇ ಏನಾದರೂ ಆದರೆ ಆಸ್ಪತ್ರೆ ಖರ್ಚು, ಎದುರಿನ ಗಾಡಿಯ ಖರ್ಚು ಎಲ್ಲ ನಿಮ್ಮ ತಲೆ ಮೇಲೆ. ಅಲ್ಲಿನ ಆಸ್ಪತ್ರೆ ಬಿಲ್ಲು ಕಟ್ಟೋಕೆ ಎರಡೆಕರೆ ಹೊಲ ಮಾರಿದರೂ ಸಾಲದು. ಟ್ರೇಲರ್ ಬಿಚ್ಚಿಟ್ಟ ಮೇಲೆ ಬರೀ ಪಿಕಪ್ ತಗೊಂಡು ಸುತ್ತಾಡುವಾಗ, ತಮ್ಮನ ಇನ್ಶೂರೆನ್ಸ್ ಒಪ್ಪಿದರೆ, ನೀವು ಧಾರಾಳವಾಗಿ ಓಡಿಸಿ.

ಜರ್ಮನಿ ಕೇಳಿದಿರಿ. ಅಲ್ಲೂ ಇದೇ 750 ಕೆಜಿ ಲೆಕ್ಕ ಅಡ್ಡ ಬರುತ್ತದೆ. ಅಲ್ಲಿನವರೇ ಭಾರದ ಕ್ಯಾರವಾನ್ (ಟ್ರಾವೆಲ್ ಟ್ರೇಲರ್‌ಗೆ ಅಲ್ಲಿನ ಹೆಸರು) ಎಳೆಯೋಕೆ ಬಿಇ ಅನ್ನುವ ಬೇರೆ ಲೈಸೆನ್ಸ್ ತಗೊಳ್ಳುತ್ತಾರೆ. ಟ್ರೇಲರ್ ಕಟ್ಟಿದ ಕಾರಿಗೆ ಆಟೊಬಾನ್ ಅನ್ನುವ ಅವರ ದೊಡ್ಡ ಹೆದ್ದಾರಿಯಲ್ಲೂ 80 ಕಿ.ಮೀ. ಮಿತಿ, ತಪಾಸಣೆ ಮಾಡಿಸಿ ಸ್ಟಿಕ್ಕರ್ ಪಡೆದ ಜೋಡಿಗೆ ಮಾತ್ರ 100. ನಿಮ್ಮಂಥವರಿಗೆ ಅಲ್ಲಿ 3,500 ಕೆಜಿ ಒಳಗಿನ ಮೋಟರ್‌ಹೋಮ್ ಸರಿ. ಎಂಜಿನ್, ಮನೆ ಎರಡೂ ಒಂದೇ ಗಾಡಿ, ಬಿ ವರ್ಗದಲ್ಲೇ ಬರುತ್ತದೆ.

ಈಗ ನಿಜವಾದ ಮಾತಿಗೆ ಬರೋಣ, ಅಂದರೆ ಭಾರ.

ನಮ್ಮ ಹಿರಿಯರು ಬಂಡಿಗೆ ತೊಗರಿ ಚೀಲ ಹೇರುವುದನ್ನ ನೀವು ನೋಡಿರುತ್ತೀರಿ. ಹಿಂದಕ್ಕೆ ಜಾಸ್ತಿ ಹಾಕಿದರೆ ನೊಗ ಮೇಲಕ್ಕೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತದೆ. ಮುಂದಕ್ಕೆ ಜಾಸ್ತಿ ಹಾಕಿದರೆ ಎತ್ತಿನ ಹೆಗಲು ಬಗ್ಗುತ್ತದೆ. ಅದಕ್ಕೇ ನೊಗ ಎತ್ತಿ ನೋಡಿ, "ಇನ್ನೊಂದು ಚೀಲ ಮುಂದಕ್ಕೆ ಎಳಿ" ಅನ್ನುತ್ತಿದ್ದರು. ಟ್ರಾವೆಲ್ ಟ್ರೇಲರ್ ಅಂದರೆ ಅದೇ ಬಂಡಿ. ಒಟ್ಟು ಭಾರದಲ್ಲಿ ನೂರಕ್ಕೆ 10 ರಿಂದ 15 ಪಾಲು ಅದರ ಮೂತಿಯ ಮೇಲೆ, ಅಂದರೆ ಪಿಕಪ್ಪಿನ ಹಿಂದಿರುವ ಬಾಲ್ ಅನ್ನುವ ಕಬ್ಬಿಣದ ಗುಂಡಿನ ಮೇಲೆ ಕೂರಬೇಕು. ಅದಕ್ಕಿಂತ ಕಮ್ಮಿ ಆದರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ. ಗಂಟೆಗೆ 25 ಕಿ.ಮೀ. ಹೋಗುವ ಟ್ರಾಲಿ ಅಲ್ಲಾಡಿದರೆ ನೀವು ಬೈದುಕೊಂಡು ಮುಂದೆ ಹೋಗುತ್ತೀರಿ. 100ರಲ್ಲಿ ಅಲ್ಲಾಡಿದರೆ ಪಿಕಪ್ಪನ್ನೂ ಎಳೆದುಕೊಂಡು ಹೋಗಿ ಮಗುಚುತ್ತದೆ. ವೇಗ ನಾಲ್ಕು ಪಟ್ಟಾದರೆ ಹೊಡೆತದ ಶಕ್ತಿ ಹದಿನಾರು ಪಟ್ಟು. ಟ್ರಾಲಿಯ ಅನುಭವ ಕೈಕೊಡೋದು ಇಲ್ಲೇ.

ಇನ್ನೊಂದು ಲೆಕ್ಕ ಕಾಗದದ ಮೇಲೆ ಬರೆದುಕೊಳ್ಳಿ. ಪಿಕಪ್ಪಿನ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕ್ಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿದೆ. 1,600 ಪೌಂಡ್ ಅಂತ ಇಟ್ಟುಕೊಳ್ಳಿ, ಸುಮಾರು 725 ಕೆಜಿ. ಐದು ಜನ 340 ಕೆಜಿ. ಹಿಂದೆ ಹಾಕಿದ ಬ್ಯಾಗು, ಕುರ್ಚಿ 60. ಹಿಚ್ಚಿನ, ಅಂದರೆ ಟ್ರೇಲರ್ ಕಟ್ಟುವ ಕೊಂಡಿಯ, ಕಬ್ಬಿಣ 40. ಸಾಮಾನು ತುಂಬಿದ ಟ್ರೇಲರ್ 2,700 ಕೆಜಿ ಇದ್ದರೆ ಮೂತಿಯ ಭಾರ ಸುಮಾರು 350. ಕೂಡಿಸಿ, 790 ಆಯ್ತು, 725 ದಾಟಿಹೋಯ್ತು. "ಈ ಪಿಕಪ್ 4 ಟನ್ ಎಳೆಯುತ್ತದೆ" ಅಂತ ಶೋರೂಮಿನವರು ಹೇಳಿರುತ್ತಾರೆ, ಅದೂ ಸುಳ್ಳಲ್ಲ. ಆದರೆ ಎಳೆಯೋದು ಬೇರೆ, ಬೆನ್ನ ಮೇಲೆ ಹೊರೋದು ಬೇರೆ. ಗ್ಯಾರೇಜಿಗೆ ಬರುತ್ತಿದ್ದ ಎಷ್ಟೋ ಜನ ಈ ಎರಡನೇ ಲೆಕ್ಕ ಮಾಡಿಯೇ ಇರುತ್ತಿರಲಿಲ್ಲ.

ನೀರಿನ ಟ್ಯಾಂಕೂ ಭಾರವೇ. 40 ಗ್ಯಾಲನ್ ಅಂದರೆ ಸುಮಾರು 150 ಲೀಟರ್, 150 ಕೆಜಿ. ಮುಂದಿನ ಜಾಗದಲ್ಲಿ ನಲ್ಲಿ ಇದೆ ಅಂತ ಗೊತ್ತಿದ್ದರೆ ತುಂಬಿಸಿಕೊಂಡು ಹೋಗೋದು ಯಾಕೆ? ಎಲ್ಲ ಹೇರಿದ ಮೇಲೆ ಕಾಟಾಗೆ ಹೋಗಿ. ನಮ್ಮ ಗಂಜ್ ಹತ್ತಿರ ಲಾರಿ ತೂಗುವ ಕಾಟಾ ಇದ್ದಂತೆ ಅಲ್ಲಿ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಪಿಕಪ್ಪಿನ ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೇಲರ್ ಗಾಲಿ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಆ ಚೀಟಿ ನೋಡದೆ ಡೆನ್ವರ್ ಬಿಡಬೇಡಿ ಅಂತ ತಮ್ಮನಿಗೆ ನೀವೇ ಹೇಳಿ, ಅಣ್ಣನ ಮಾತು ಕೇಳುತ್ತಾನೆ.

ಬ್ರೇಕ್ ವಿಷಯ. ನಮ್ಮ ಟ್ರಾಲಿಗಳಿಗೆ ಸಾಮಾನ್ಯವಾಗಿ ಬ್ರೇಕೇ ಇರೋದಿಲ್ಲ, ಟ್ರ್ಯಾಕ್ಟರೇ ತಡೆಯಬೇಕು. ಅಲ್ಲಿ ಟ್ರೇಲರ್ ಗಾಲಿಗೇ ಎಲೆಕ್ಟ್ರಿಕ್ ಬ್ರೇಕ್. ಡ್ರೈವರ್ ಮೊಣಕಾಲಿನ ಹತ್ತಿರ ಒಂದು ಡಬ್ಬಿ ಇರುತ್ತದೆ, ಅದರ ಗುಂಡಿ ತಿರುಗಿಸಿ ಎಷ್ಟು ಗಟ್ಟಿ ಹಿಡಿಯಬೇಕು ಅಂತ ಹೊಂದಿಸಬೇಕು. ಕೈಯಿಂದ ಒತ್ತುವ ಪಟ್ಟಿಯೂ ಅದರಲ್ಲೇ ಇದೆ. ಟ್ರೇಲರ್ ಅಲ್ಲಾಡಿತು ಅಂದರೆ ಕಾಲಿನ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟೇರಿಂಗ್ ಎಳೆದಾಡಬಾರದು. ಆಕ್ಸಿಲರೇಟರ್ ಮೇಲಿಂದ ಕಾಲು ಮೆಲ್ಲಗೆ ತೆಗೆದು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಆ ಪಟ್ಟಿಯನ್ನ ಕೈಯಿಂದ ಒತ್ತಬೇಕು. ಆಗ ಟ್ರೇಲರ್ ಮಾತ್ರ ಹಿಂದಕ್ಕೆ ಜಗ್ಗಿ, ಎರಡೂ ನೆಟ್ಟಗಾಗುತ್ತವೆ. ಇದನ್ನ ತಮ್ಮ ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿ ನೋಡಲಿ. ಹೆದರಿದಾಗ ತಲೆ ಓಡೋದಿಲ್ಲ, ಕೈಗೆ ರೂಢಿ ಇದ್ದದ್ದೇ ಬರುತ್ತದೆ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಮೊದಲ ದಿನವೇ ದೊಡ್ಡ ಪರೀಕ್ಷೆ. ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹತ್ತುವಾಗ ನಿಧಾನ ಆದರೆ ಆಗಲಿ, ಬಲಗಡೆ ಲೇನಿನಲ್ಲಿ ಹೋಗಿ. ಹೆದರಬೇಕಾದ್ದು ಇಳಿಯೋದಕ್ಕೆ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಜಾರು ಉದ್ದಕ್ಕಿದೆ. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿಯ ಏರುದಾರಿ ಮಾಡಿಟ್ಟಿದ್ದಾರೆ. ಮೇಲಿರುವಾಗಲೇ ಗೇರ್ ಇಳಿಸಿ, ಎಂಜಿನ್ ಮೇಲೆ ತಡೆದುಕೊಂಡು ಇಳಿಯಬೇಕು. ಬ್ರೇಕ್ ಒಮ್ಮೆ ಒತ್ತಿ, ವೇಗ ತಗ್ಗಿಸಿ, ಬಿಡಬೇಕು. ಕಾಲು ಇಟ್ಟೇ ಇದ್ದರೆ ಕಾದು ಹಿಡಿಯೋದೇ ಬಿಟ್ಟುಬಿಡುತ್ತದೆ.

ಟೈರ್. ಇದನ್ನ ಅನುಭವಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ನನ್ನ ಮೊದಲ ಟ್ರೇಲರ್ ಸೆಕೆಂಡ್ ಹ್ಯಾಂಡ್. ಟೈರ್‌ನ ಕಚ್ಚು ಹೊಸದರ ಹಾಗೆ ಆಳ ಇತ್ತು, ಮಾರಿದವರು "ಜಾಸ್ತಿ ಓಡಿಲ್ಲ" ಅಂದರು, ನಂಬಿದೆ. ಜುಲೈ ತಿಂಗಳು. ಯೂಟಾದಲ್ಲಿ ಗ್ರೀನ್ ರಿವರ್‌ನಿಂದ ಸಲೈನಾ ತನಕ 100 ಮೈಲಿಗೂ ಜಾಸ್ತಿ ದೂರ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ, ಬರೀ ಕಲ್ಲುಗುಡ್ಡ. ನಟ್ಟನಡುವೆ ಡಬ್ ಅಂತ ಸದ್ದು. ಕನ್ನಡಿಯಲ್ಲಿ ನೋಡಿದರೆ ಕರಿ ಪಟ್ಟಿ ಹಾರುತ್ತಿದೆ. ಇಳಿದು ನೋಡಿದೆ, ಟೈರಿನ ಮೇಲುಪದರ ಸುಲಿದುಕೊಂಡು ಹೊರಟು ಕೆಳಗಿನ ನೀರಿನ ಪೈಪನ್ನೂ ಮುರಿದಿತ್ತು, ಭಾಂಡೆ ತೊಳೆದ ನೀರು ರಸ್ತೆ ಮೇಲೆ ಸೋರುತ್ತಿತ್ತು. ಮಕ್ಕಳು ಆ ಬಿಸಿಲಲ್ಲಿ ಪಿಕಪ್ಪಿನ ನೆರಳಿಗೆ ಕೂತರು. ಸ್ಟೆಪ್ನಿ ಹಾಕುವಾಗ ಟೈರಿನ ಗೋಡೆ ಮೇಲಿನ ನಂಬರ್ ಓದಿದೆ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದೆ ಅಂತ ಅರ್ಥ. ನನ್ನ ಟೈರಿಗೆ ಏಳು ವರ್ಷ ಆಗಿತ್ತು. ಟ್ರೇಲರ್ ಟೈರ್ ಸವೆದು ಹಾಳಾಗೋದಕ್ಕಿಂತ ನಿಂತು ನಿಂತು ವಯಸ್ಸಾಗಿ ಹಾಳಾಗೋದೇ ಜಾಸ್ತಿ. ಐದಾರು ವರ್ಷ ದಾಟಿದ್ದನ್ನ ಮುಟ್ಟಲೇಬೇಡಿ. ಬಾಡಿಗೆ ಟ್ರೇಲರ್ ತೆಗೆದುಕೊಳ್ಳುವಾಗ ನಾಲ್ಕೂ ಟೈರು, ಸ್ಟೆಪ್ನಿ ಎಲ್ಲದರ ನಂಬರ್ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಳೆಯದಿದ್ದರೆ "ಬೇರೆ ಟ್ರೇಲರ್ ಕೊಡಿ" ಅಂತ ಅಲ್ಲೇ ಹೇಳಿ, ಸಂಕೋಚ ಬೇಡ. ಇಂಥ ಟೈರ್ ಬಹಳಷ್ಟು 65 ಮೈಲಿ ವೇಗಕ್ಕೆ ಮಾಡಿದವು, ಅಂದರೆ 104 ಕಿ.ಮೀ. ರಸ್ತೆ ಬೋರ್ಡಿನಲ್ಲಿ 80 ಮೈಲಿ ಅಂತ ಇದ್ದರೂ ನೀವು 60 ದಾಟಬೇಡಿ.

ಅವ್ವನ ವಿಷಯಕ್ಕೆ ಬರೋಣ. ಮೊದಲ ಮಾತು, ಓಡುವ ಟ್ರೇಲರ್ ಒಳಗೆ ಅವ್ವನನ್ನ ಮಲಗಿಸಬೇಡಿ. "ಹಾಸಿಗೆ ಇದೆಯಲ್ಲ, ಆರಾಮಾಗಿ ಬರಲಿ" ಅಂತ ಅನ್ನಿಸುತ್ತದೆ. ಬಹಳ ರಾಜ್ಯಗಳಲ್ಲಿ ಅದು ಕಾನೂನಿಗೆ ವಿರುದ್ಧ, ಮತ್ತು ಒಳಗೆ ಸೀಟ್ ಬೆಲ್ಟ್ ಇಲ್ಲ, ಕೂಗಿದರೂ ಕೇಳಿಸದು. ಪಿಕಪ್ಪಿನ ಹಿಂದಿನ ಸೀಟಿನಲ್ಲೇ ಕೂರಬೇಕು. ಅದಕ್ಕೇ ದಿನಕ್ಕೆ 200 ಮೈಲಿಗಿಂತ ಜಾಸ್ತಿ ಬೇಡ, ಗಂಟೆ ಗಂಟೆಗೆ ನಿಲ್ಲಿಸಿ ನಡೆದಾಡಿಸಿ. ಮಧ್ಯಾಹ್ನ ಮೂರರೊಳಗೆ ಜಾಗ ಮುಟ್ಟಿದರೆ ತಮ್ಮನಿಗೂ ಸುಸ್ತು ಇಲ್ಲ, ನೀವು ಕೇಳಿದ ಪಾಳಿಯ ಅಗತ್ಯವೇ ಬೀಳದು.

ಇನ್ಸುಲಿನ್ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗೆ. ಲಗೇಜಿನಲ್ಲಿ ಹಾಕಿದರೆ ಹೆಪ್ಪುಗಟ್ಟುವ ಭಯ ಇದೆ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಟ್ರೇಲರ್ ಫ್ರಿಜ್ ಬಹಳ ಸಲ ಗ್ಯಾಸ್ ಮೇಲೂ ನಡೆಯುವಂಥದ್ದು ಇರುತ್ತದೆ. ಅದು ನಮ್ಮ ಮನೆ ಫ್ರಿಜ್ ಹಾಗೆ ಬೇಗ ತಣ್ಣಗಾಗಲ್ಲ, ಹಿಂದಿನ ರಾತ್ರಿಯೇ ಹಚ್ಚಬೇಕು, ಟ್ರೇಲರ್ ಮಟ್ಟವಾಗಿ ನಿಂತಿರಬೇಕು. ಒಳಗೆ ತಣ್ಣನೆ ರೆಕ್ಕೆ ಕಾಣುತ್ತದಲ್ಲ, ಅದಕ್ಕೆ ತಾಗಿಸಿ ಇಡಬೇಡಿ. ಒಂದು ಚಿಕ್ಕ ಥರ್ಮಾಮೀಟರ್ ಒಳಗಿಡಿ, 2 ರಿಂದ 8 ಡಿಗ್ರಿ ಇರಬೇಕು. ಹೊರಡುವ ಮುಂಚೆ ಅವ್ವನಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಸಕ್ಕರೆ ಕಾಯಿಲೆ ಮುಂಚಿನಿಂದ ಇದೆ ಅಂತ ಬರೆಸಿ, ಮುಚ್ಚಿಡಬೇಡಿ.

ಸಂಡಾಸು ಕೇಳೋಕೆ ಎಲ್ಲರೂ ನಾಚುತ್ತಾರೆ, ನೀವು ಕೇಳಿದ್ದು ಒಳ್ಳೆಯದಾಯ್ತು. ಟ್ರೇಲರ್ ಒಳಗೆ ಕುರ್ಚಿ ಥರದ ಕಮೋಡ್ ಇರುತ್ತದೆ. ಅಲ್ಲಿನವರು ಕಾಗದ ಬಳಸುವ ಲೆಕ್ಕದಲ್ಲಿ ಟ್ಯಾಂಕ್ ಇಟ್ಟಿದ್ದಾರೆ, ಸುಮಾರು 110 ಲೀಟರ್. ಅವ್ವ ಚರಗಿ ನೀರು ಬಳಸದೆ ಇರೋಲ್ಲ, ಬಳಸಲಿ. ಐದು ಜನ ಹಾಗೆ ಬಳಸಿದರೆ ಮೂರು ದಿನಕ್ಕೆ ತುಂಬುತ್ತದೆ, ಅಷ್ಟೇ. ಹಗಲು ಹೊತ್ತು ಗಟ್ಟಿ ಕಾಲಿರುವ ನಾಲ್ಕು ಜನ ಕ್ಯಾಂಪಿನ ಸಂಡಾಸಿಗೆ ಹೋಗಿ, ಒಳಗಿನದನ್ನ ಅವ್ವನಿಗೆ ಬಿಡಿ. ಖಾಲಿ ಮಾಡುವಾಗ ಕೈಗೆ ಗ್ಲೌಸ್ ಹಾಕಿ, ಮೊದಲು ಸಂಡಾಸಿನ ಟ್ಯಾಂಕ್ ಬಿಡಿ, ಆಮೇಲೆ ಸ್ನಾನದ ನೀರಿನ ಟ್ಯಾಂಕ್ ಬಿಡಿ, ಆ ನೀರೇ ಪೈಪ್ ತೊಳೆಯುತ್ತದೆ. ಪೈಪ್ ಜೋಡಿಸಿಯೇ ಇದ್ದರೂ ಸಂಡಾಸಿನ ವಾಲ್ವ್ ಮುಚ್ಚಿರಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಅಲ್ಲೇ ಗುಡ್ಡೆಯಾಗಿ ಕೂರುತ್ತದೆ, ಅದನ್ನ ಕಿತ್ತು ತೆಗೆಯುವ ಕೆಲಸ ನಾನು ಎಷ್ಟೋ ಸಲ ಮಾಡಿದ್ದೇನೆ. ಕುಡಿಯುವ ನೀರಿನ ಬಿಳಿ ಪೈಪನ್ನ ಇದರ ಹತ್ತಿರವೂ ತರಬೇಡಿ.

ಅವ್ವನ ಸಲುವಾಗಿ ಕರೆಂಟು, ನೀರು, ಸಂಡಾಸಿನ ಪೈಪ್ ಮೂರೂ ಇರುವ ಜಾಗವನ್ನೇ ಹಿಡಿಯಿರಿ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನಲ್ಲಿ ಅದು ಟ್ರೇಲರ್ ವಿಲೇಜ್. ಯೆಲ್ಲೊಸ್ಟೋನ್ ಒಳಗೆ ಫಿಶಿಂಗ್ ಬ್ರಿಡ್ಜ್ ಒಂದೇ, ಕರಡಿ ಕಾಟಕ್ಕೆ ಅಲ್ಲಿ ಬಟ್ಟೆಯ ಡೇರೆ ಬಿಡೋದಿಲ್ಲ. ಎರಡೂ ತಿಂಗಳುಗಟ್ಟಲೆ ಮುಂಚೆ ಭರ್ತಿ ಆಗುತ್ತವೆ, ಇವತ್ತೇ ನೋಡಿ. ಝಯಾನ್‌ನಲ್ಲಿ 1930ರ ಸುರಂಗ ಇದೆ, ಆ ಕಾಲದ ಚಿಕ್ಕ ಕಾರಿಗೆ ಕೊರೆದದ್ದು. ಟ್ರೇಲರ್ ಕಟ್ಟಿಕೊಂಡು ಆ ದಾರಿ ಬೇಡ, ಸ್ಪ್ರಿಂಗ್‌ಡೇಲ್ ಕಡೆಯಿಂದ ಬನ್ನಿ.

ಊಟದ ಚಿಂತೆ ಬೇಡ. ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ತಿನ್ನುವ ಸಾಮಾನಿದೆ ಅಂತ ಮೊದಲೇ ತಿಳಿಸಿ. ಅಕ್ಕಿ, ಕಡಲೆ ಮಾತ್ರ ಒಯ್ಯಬೇಡಿ, ಕಾಳು ಕೊರೆಯುವ ಹುಳದ ಭಯಕ್ಕೆ ನಮ್ಮ ದೇಶದಿಂದ ಬಿಡೋದಿಲ್ಲ. ಜೋಳದ ಹಿಟ್ಟು ದೊಡ್ಡ ಊರುಗಳ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಮಿಕ್ಸರ್ ಒಯ್ಯಬೇಡಿ, ಅಲ್ಲಿ 120 ವೋಲ್ಟ್. ಒಗ್ಗರಣೆ ಟ್ರೇಲರ್ ಒಳಗೆ ಹಾಕಿದರೆ ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ. ಹೊರಗೆ ಗ್ಯಾಸ್ ಒಲೆ ಇಟ್ಟು ಮಾಡಿ, ಉಳಿದದ್ದನ್ನ ಒಳಗೆ ತಂದು ಬಾಗಿಲು ಹಾಕಿ, ಕರಡಿ ಇರುವ ಜಾಗದಲ್ಲಿ ಒಂದು ತುಣುಕೂ ಹೊರಗೆ ಬಿಡಬಾರದು. ಅವ್ವನಿಗೆ ಸ್ವೆಟರ್, ಸಾಕ್ಸ್ ಕಟ್ಟಿ. ಇಲ್ಲಿ ಮೇ ಅಂದರೆ 42 ಡಿಗ್ರಿ, ಅಲ್ಲಿ ಮೇ ಕೊನೆಯ ರಾತ್ರಿ ಯೆಲ್ಲೊಸ್ಟೋನ್‌ನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ.

ಇನ್ನು ನೀವು ಸುಮ್ನೆ ಕೂರಬೇಕಾ? ಇಲ್ಲ. ನಿಮ್ಮ 20 ವರ್ಷದ ಅನುಭವ ಬೇಕಾಗೋದು ಗಾಡಿಯ ಹೊರಗೆ. ಬೆಳಗ್ಗೆ ಟೈರ್ ಗಾಳಿ ನೋಡೋದು, ಗಾಲಿ ನಟ್ಟು ಬಿಗಿ ಇದೆಯಾ ನೋಡೋದು, ಬಾಲ್ ಮೇಲೆ ಕೊಂಡಿ ಕೂತಿದೆಯಾ, ಸರಪಣಿ ಅಡ್ಡ ಹಾಕಿದೆಯಾ, ತುರ್ತು ಬ್ರೇಕಿನ ತಂತಿ ಸಿಕ್ಕಿಸಿದೆಯಾ ನೋಡೋದು ನಿಮ್ಮ ಕೆಲಸ. ಬಿಚ್ಚುವಾಗ ಮೊದಲು ಗಾಲಿಗೆ ಅಡ್ಡಗಟ್ಟೆ ಇಡಿ, ಆಮೇಲೆ ಕೊಂಡಿ. ಈ ಕ್ರಮ ತಪ್ಪಿದರೆ ಇಳಿಜಾರಿನಲ್ಲಿ ಟ್ರೇಲರ್ ಹೊರಟೇಹೋಗುತ್ತದೆ.

ಮತ್ತೆ, ಹಿಂದಕ್ಕೆ ಹಾಕುವಾಗ ಸೈಡ್ ಹೇಳುವವರು ನೀವೇ. ಅಲ್ಲಿ ಡ್ರೈವರ್ ಕೂರೋದು ಎಡಕ್ಕೆ, ಹಾಗಾಗಿ ಟ್ರೇಲರ್ ಎಡಕ್ಕೆ ತಿರುಗುವಂತೆ ಜಾಗ ನೋಡಿಕೊಂಡರೆ ತಮ್ಮನಿಗೆ ಕಾಣುತ್ತದೆ, ಬಲಗಡೆ ಅವನಿಗೆ ಕತ್ತಲೆ. ಸ್ಟೇರಿಂಗನ್ನ ಕೆಳಗೆ ಹಿಡಿಯಲಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆ ಕೈ ಸರಿಸಲಿ. ನೀವು ಹಿಂದಿನ ಮೂಲೆಯಲ್ಲಿ, ಅವನ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಿ. ಮೇಲೆ ಗಿಡದ ಕೊಂಬೆ ಇದೆಯಾ ಅದನ್ನೂ ನೋಡಿ. ಇಲ್ಲಿಂದಲೇ ಫೋನಿನಲ್ಲಿ ಮಾತಾಡಿಕೊಳ್ಳಿ, ಕೈ ಎತ್ತಿದರೆ ನಿಲ್ಲು ಅಂತ. ಅಣ್ಣ ಕನ್ನಡಿಯಲ್ಲಿ ಕಾಣಲಿಲ್ಲ ಅಂದರೆ, ಯಾರು ಏನೇ ಕೂಗಲಿ, ಅವನು ಅಲ್ಲೇ ಬ್ರೇಕ್ ಹಾಕಬೇಕು.